ಹಳೆಯ ಅನಲಾಗ್ ಸಿಂಥ್, ಹೊಸ ಲ್ಯಾಪ್‌ಟಾಪ್: ಯಾವ ಪ್ಲಗಿನ್ ಯಾರಿಗೆ?

"ಮಿನಿಮೂಗ್‌ಗೆ ಯಾವ ಪ್ಲಗಿನ್ ಒಳ್ಳೇದು?" ಮನೆಯಲ್ಲೇ ಟ್ರ್ಯಾಕ್ ಮಾಡುವ ಹುಡುಗರು ನನ್ನ ಹತ್ತಿರ ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಮಿನಿಮೂಗ್ ಒಂದು ಹಳೆಯ ಸಿಂಥ್, ಅಂದರೆ ಸರ್ಕ್ಯೂಟಿನಿಂದ ಸದ್ದು ಹುಟ್ಟಿಸುವ ಕೀಬೋರ್ಡ್ ವಾದ್ಯ; ಅಂಥದ್ದರ ಸದ್ದನ್ನು ಕಂಪ್ಯೂಟರಿನಲ್ಲಿ ಮಾಡಿಕೊಡುವ ಸಾಫ್ಟ್‌ವೇರೇ ಇಲ್ಲಿ ಪ್ಲಗಿನ್. ಹೆಸರಿನ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಅದು ಮೂಗ್ ಅಲ್ಲ, ಮೋಗ್. ವಾದ್ಯ ಮಾಡಿದ ಬಾಬ್ ಮೋಗ್ ತಮ್ಮ ಹೆಸರನ್ನು ಹಾಗೇ ಹೇಳುತ್ತಿದ್ದರು. ಇಂಗ್ಲಿಷಿನವರು ಎರಡು 'ಓ' ನೋಡಿ ಎಡವುತ್ತಾರೆ. ನಮಗಂತೂ 'ಮೂಗ್' ಅಂದರೆ ಕೈ ನೆಟ್ಟಗೆ ಮುಖಕ್ಕೇ ಹೋಗುತ್ತದೆ.

ಇನ್ನು ಪ್ರಶ್ನೆಗೆ ಬರೋಣ. "ಒಳ್ಳೇದು" ಅಂದಾಗ ಕೇಳುವವರ ಮನಸ್ಸಿನಲ್ಲಿರುವುದು "ಅಸಲಿಗೆ ಎಷ್ಟು ಹತ್ತಿರ" ಎಂಬುದು. ಇಪ್ಪತ್ತು ವರ್ಷದ ಹಿಂದೆ ಅದು ಸರಿಯಾದ ಪ್ರಶ್ನೆಯೇ. ಈಗ ಒಂದು ಸ್ವರ ಹಿಡಿದು, ಫಿಲ್ಟರ್ (ಸದ್ದಿನ ಮೇಲಿನ ಹೊಳಪನ್ನು ಕತ್ತರಿಸುವ ಭಾಗ) ಅರ್ಧ ಮುಚ್ಚಿ ಸುಮ್ಮನೆ ಕೇಳಿದರೆ ಪುಕ್ಕಟೆಯದ್ದೂ ಇನ್ನೂರು ಡಾಲರಿನದ್ದೂ ಹೆಚ್ಚುಕಡಿಮೆ ಒಂದೇ. ಆರ್ಕೆಸ್ಟ್ರಾದಲ್ಲಿ ಬಹಳ ವರ್ಷದಿಂದ ಕೀಬೋರ್ಡ್ ನುಡಿಸುವ ಗೆಳೆಯನೊಬ್ಬನಿಗೆ ನಾಲ್ಕು ಪ್ಲಗಿನ್‌ಗಳಲ್ಲಿ ಮಾಡಿದ ಒಂದೇ ಬೇಸ್ ಲೈನ್ ಕೇಳಿಸಿ, ಇದರಲ್ಲಿ ದುಬಾರಿಯದು ಯಾವುದು ಹೇಳು ಅಂದೆ. ಪುಕ್ಕಟೆಯದನ್ನು ತೋರಿಸಿದ. ಆಮೇಲೆ ನಾಬ್ ಅವನ ಕೈಗೇ ಕೊಟ್ಟೆ. ಎರಡು ನಿಮಿಷದಲ್ಲಿ ನಾಲ್ಕನ್ನೂ ಸರಿಯಾಗಿ ಬೇರೆ ಮಾಡಿ ಇಟ್ಟ. ನಿಂತ ನಾದದಲ್ಲಿ ಕಾಣದ ವ್ಯತ್ಯಾಸ ನಾಬ್ ತಿರುಗಿಸುವಾಗ ಕಾಣುತ್ತದೆ. ಹಾಗಾಗಿ ಇಲ್ಲಿ ನಾನು ಹೋಲಿಸುವುದು ಮೂರು ವಿಷಯ: ನಾಬ್ ತಿರುಗಿಸಿದಾಗ ಏನಾಗುತ್ತದೆ, ನಿಮ್ಮ ಲ್ಯಾಪ್‌ಟಾಪ್ ತಡೆಯುತ್ತದೆಯೇ, ಕೊಂಡಮೇಲೆ ಅದು ಕಾಟ ಕೊಡುತ್ತದೆಯೇ.

ಡೆಮೊ ಹಾಕಿಕೊಂಡ ಮೊದಲ ಹದಿನೈದು ನಿಮಿಷ

ಪ್ರೀಸೆಟ್‌ಗಳನ್ನು ಮುಟ್ಟಲೇಬೇಡಿ. ಪ್ರೀಸೆಟ್ ಎಂದರೆ ಕಂಪನಿಯವರು ಮೊದಲೇ ಮಾಡಿಟ್ಟ ಸದ್ದು, ಮದುವೆ ಮನೆಯ ಅಲಂಕಾರ. ರಿವರ್ಬ್, ಡಿಲೇ, ಕೋರಸ್ ಎಲ್ಲ ಬಳಿದಿರುತ್ತಾರೆ. 'ಇನಿಟ್' ಎಂಬ ಖಾಲಿ ಪ್ಯಾಚ್ ತೆರೆದು, ಎಫೆಕ್ಟ್‌ಗಳನ್ನೆಲ್ಲ ಆಫ್ ಮಾಡಿ, ಸದ್ದು ಹುಟ್ಟಿಸುವ ಭಾಗವಾದ ಆಸಿಲೇಟರ್ ಒಂದರಲ್ಲೇ ಗರಗಸದ ಹಲ್ಲಿನಂಥ ಸಾ-ಟೂತ್ ಅಲೆ ಇಟ್ಟುಕೊಳ್ಳಿ.

ಫಿಲ್ಟರ್ ಪೂರ್ತಿ ತೆರೆದು ಕೀಬೋರ್ಡಿನ ಮೇಲಿನ ತುದಿಯ ಸ್ವರಗಳಿಗೆ ಹೋಗಿ. ಅನಲಾಗ್ ಸಾ-ಟೂತ್‌ನಲ್ಲಿ ಮೂಲ ಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎಂದು ಮೇಲಕ್ಕೆ ಸಾಲಾಗಿ ಹಾರ್ಮೋನಿಕ್‌ಗಳಿರುತ್ತವೆ. ಕಂಪ್ಯೂಟರು ಸೆಕೆಂಡಿಗೆ 44,100 ಸ್ಯಾಂಪಲ್ (ಸದ್ದಿನ ಅಳತೆ) ಲೆಕ್ಕದಲ್ಲಿ ಓಡುವಾಗ 22,050 ಹರ್ಟ್ಸ್ ಮೇಲಿನದ್ದನ್ನು ಹಿಡಿದಿಡಲಾಗದು. ಹಾಗಂತ ಅದು ಮಾಯವಾಗುವುದೂ ಇಲ್ಲ; ಗೋಡೆಗೆ ಬಡಿದ ಚೆಂಡಿನಂತೆ ಕೆಳಕ್ಕೆ ಮಡಚಿಕೊಂಡು ಬರುತ್ತದೆ. 3,000 ಹರ್ಟ್ಸ್ ಸ್ವರ ನುಡಿಸಿದರೆ ಅದರ ಹದಿನಾಲ್ಕನೇ ಹಾರ್ಮೋನಿಕ್ 42,000. ಅದು ಮಡಚಿ ಬಂದು ಕೂರುವುದು 2,100 ಹರ್ಟ್ಸ್‌ನಲ್ಲಿ, ಅಂದರೆ ನೀವು ನುಡಿಸಿದ ಸ್ವರಕ್ಕಿಂತಲೂ ಕೆಳಗೆ, ಯಾವ ಶ್ರುತಿಗೂ ಸೇರದ ಜಾಗದಲ್ಲಿ. ಇದಕ್ಕೆ ಏಲಿಯಾಸಿಂಗ್ ಎನ್ನುತ್ತಾರೆ. ಪಿಚ್ ವೀಲನ್ನು ನಿಧಾನವಾಗಿ ಮೇಲಕ್ಕೆ ತಳ್ಳಿದಾಗ, ಸ್ವರ ಏರುತ್ತಿರುವ ಹೊತ್ತಿನಲ್ಲೇ ಹಿಂದೆ ಇನ್ನೊಂದು ಸಣ್ಣ ಸೀಟಿ ಇಳಿಯುತ್ತಿದ್ದರೆ ಆ ಪ್ಲಗಿನ್ ಅಲ್ಲೇ ಬಿಟ್ಟುಬಿಡಿ. ಒಳ್ಳೆಯವು ಒಳಗೊಳಗೇ ಹಲವು ಪಟ್ಟು ವೇಗದಲ್ಲಿ ಲೆಕ್ಕ ಮಾಡಿ ಇದನ್ನು ಅಡಗಿಸುತ್ತವೆ. ಸಿಪಿಯು ತಿನ್ನುವುದೂ ಅದಕ್ಕೇ.

ಆಮೇಲೆ ಫಿಲ್ಟರ್ ಕತ್ತರಿಸುವ ಜಾಗದಲ್ಲಿ ಸದ್ದನ್ನು ಉಬ್ಬಿಸುವ ರೆಸೊನೆನ್ಸನ್ನು ಮುಕ್ಕಾಲಿಗಿಂತ ಮೇಲಕ್ಕೆ ಏರಿಸಿ, ಎಲ್ಲಿ ಕತ್ತರಿಸಬೇಕೆಂದು ಹೇಳುವ ಕಟಾಫ್ ನಾಬನ್ನು ತಳದಿಂದ ತುದಿಯವರೆಗೆ ಹತ್ತು ಸೆಕೆಂಡು ತೆಗೆದುಕೊಂಡು ತಿರುಗಿಸಿ. ಅನಲಾಗ್ ಫಿಲ್ಟರಿನಲ್ಲಿ ಹೊರಬಂದ ಸಿಗ್ನಲಿನ ಒಂದು ಪಾಲು ಅದೇ ಕ್ಷಣ ಒಳಕ್ಕೆ ಮರಳುತ್ತದೆ. ಹಳೆಯ ಪ್ಲಗಿನ್‌ಗಳಲ್ಲಿ ಅದು ಒಂದು ಸ್ಯಾಂಪಲ್ ತಡವಾಗಿ ಮರಳುತ್ತಿತ್ತು. ಸೆಕೆಂಡಿನ ನಲವತ್ತನಾಲ್ಕು ಸಾವಿರದಲ್ಲಿ ಒಂದು ಭಾಗ ಯಾವ ಲೆಕ್ಕ ಅನ್ನಿಸಬಹುದು. ಆದರೆ ಕಟಾಫ್ ಮೇಲೇರಿದಂತೆ ರೆಸೊನೆನ್ಸಿನ ಸೀಟಿ ಅಪಶ್ರುತಿಯಾಗುವುದಕ್ಕೆ ಅಷ್ಟೇ ಸಾಕು. ಈ ತಡವನ್ನು ಗಣಿತದಿಂದ ತೆಗೆದುಹಾಕುವ ಬಗೆಯನ್ನೇ ಈಗ 'ಝೀರೋ-ಡಿಲೇ ಫೀಡ್‌ಬ್ಯಾಕ್' ಎಂದು ಜಾಹೀರಾತಿನಲ್ಲಿ ಹಾಕುತ್ತಾರೆ. ಇದೇ ಹೊತ್ತಿನಲ್ಲಿ ಮೆಟ್ಟಿಲು ಹತ್ತಿದ ಹಾಗೆ ಟಕಟಕ ಸದ್ದು ಬರುತ್ತದೆಯೇ ಕೇಳಿ. ಸಾಮಾನ್ಯ ಮಿಡಿ (ಕೀಬೋರ್ಡೂ ಕಂಪ್ಯೂಟರೂ ಮಾತಾಡುವ ಸಂಕೇತ) ನಾಬಿಗೆ 128 ಮೆಟ್ಟಿಲಷ್ಟೇ. ಅವುಗಳ ನಡುವಿನ ಜಾಗವನ್ನು ನುಣುಪು ಮಾಡುವುದು ಪ್ಲಗಿನ್ನಿನ ಕೆಲಸ.

ಕೊನೆಗೆ, ಒಂದೇ ಕೀಯನ್ನು ಒಂದೇ ಬಿರುಸಿನಲ್ಲಿ ಹತ್ತು ಸಲ ಒತ್ತಿ. ಅನಲಾಗ್ ಆಸಿಲೇಟರು ನೀವು ಕೀ ಒತ್ತಲಿ ಬಿಡಲಿ ಒಳಗೆ ಓಡುತ್ತಲೇ ಇರುತ್ತದೆ. ನೀವು ಬಾಗಿಲು ತೆರೆದಾಗ ಅಲೆ ಎಲ್ಲಿದೆಯೋ ಅಲ್ಲಿಂದ ಕೇಳುತ್ತದೆ. ಹಾಗಾಗಿ ಹತ್ತೂ ಸಲ ಸ್ವರದ ಆರಂಭ ಕೂದಲೆಳೆಯಷ್ಟು ಬೇರೆ. ಹತ್ತೂ ಅಚ್ಚೊತ್ತಿದಂತೆ ಒಂದೇ ಬಂದರೆ ಅದು ಒಳಗಿನಿಂದ ರೆಕಾರ್ಡ್ ಮಾಡಿದ ಸದ್ದನ್ನೇ ನುಡಿಸುವ ಪೆಟ್ಟಿಗೆಯಿರಬೇಕು, ಇಲ್ಲವೇ ಪ್ರತಿ ಸಲವೂ ಅಲೆಯನ್ನು ಸೊನ್ನೆಯಿಂದ ಶುರುಮಾಡುವ ಸೆಟ್ಟಿಂಗ್ ಆನ್ ಆಗಿರಬೇಕು.

ಮಿನಿಮೋಗ್ ಬೇಕೆನ್ನುವವರಿಗೆ

1970ರ ವಾದ್ಯ. ಮೂರು ಆಸಿಲೇಟರ್, ಒಂದು ಸಲಕ್ಕೆ ಒಂದೇ ಸ್ವರ, ಟ್ರಾನ್ಸಿಸ್ಟರುಗಳನ್ನು ಏಣಿಯಂತೆ ಜೋಡಿಸಿದ ಫಿಲ್ಟರ್. ಮೋಗ್ ಸಿಂಥ್ ನಮ್ಮ ದೇಶಕ್ಕೆ ಅದಕ್ಕೂ ಮೊದಲೇ ಬಂದಿತ್ತು ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಒಂದು ಮೋಗ್ ಮಾಡ್ಯುಲರ್ ಸಿಂಥ್ ಕೂರಿಸಿಕೊಟ್ಟರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಜಿನರಾಜ್ ಜೋಶಿಪುರ ಮುಂತಾದವರು ಅದರಲ್ಲಿ ಪ್ರಯೋಗ ಮಾಡಿದರು. ಆ ಟೇಪುಗಳು ಹೊರಬಂದದ್ದು ದಶಕಗಳ ನಂತರ.

ಸಾಫ್ಟ್‌ವೇರಿನಲ್ಲಿ ಮಿನಿಮೋಗ್ ರೂಪಗಳು ಲೆಕ್ಕವಿಲ್ಲದಷ್ಟಿವೆ. ನಾನು ಗಂಭೀರವಾಗಿ ಎಣಿಸುವುದು ಮೂರನ್ನು. ನೇಟಿವ್ ಇನ್‌ಸ್ಟ್ರುಮೆಂಟ್ಸ್‌ನ ಮೊನಾರ್ಕ್ 2013ರದು, ಅದೇ ಕಂಪನಿಯ ರಿಯಾಕ್ಟರ್ ಎಂಬ ಸಾಫ್ಟ್‌ವೇರಿನ ಒಳಗೆ ಓಡುತ್ತದೆ, ಉಚಿತ ರಿಯಾಕ್ಟರ್ ಪ್ಲೇಯರ್ ಇದ್ದರೂ ನಡೆಯುತ್ತದೆ. ಆರ್ಟೂರಿಯಾದ ಮಿನಿ ವಿ ಈ ಸಾಲಿನಲ್ಲೇ ಹಳಬ; ಮೊದಲ ಆವೃತ್ತಿ ಬಂದಾಗ ಬಾಬ್ ಮೋಗ್ ಬದುಕಿದ್ದರು, ಆ ಕಂಪನಿಯ ಜೊತೆ ಕೆಲಸವನ್ನೂ ಮಾಡಿದ್ದರು. ಮೂರನೆಯದು ಮೋಗ್ ಕಂಪನಿಯದೇ ಮಾಡೆಲ್ ಡಿ ಆ್ಯಪ್. ಮೊದಲು ಐಪ್ಯಾಡ್, ಐಫೋನಿಗೆ ಬಂತು, ಆಮೇಲೆ ಕಂಪ್ಯೂಟರಿಗೂ ಬಂತು.

ಇದರಲ್ಲಿ ನನ್ನ ಆಯ್ಕೆ ಮೊನಾರ್ಕ್, ಕಾರಣ ಬೇಸ್. ಏಣಿ ಫಿಲ್ಟರಿಗೆ ಒಂದು ಚಾಳಿಯಿದೆ: ರೆಸೊನೆನ್ಸ್ ಏರಿಸಿದಷ್ಟೂ ತಳದ ದಪ್ಪ ಕರಗುತ್ತದೆ. ಅದಕ್ಕೇ ಹಿಂದಿನವರು ಹೆಡ್‌ಫೋನ್ ಔಟ್‌ಪುಟ್ಟಿನಿಂದ ಒಂದು ವೈರು ತಂದು ಅದೇ ವಾದ್ಯದ ಎಕ್ಸ್‌ಟರ್ನಲ್ ಇನ್‌ಪುಟ್ಟಿಗೆ ಚುಚ್ಚುತ್ತಿದ್ದರು. ಸದ್ದು ತನ್ನನ್ನೇ ತಾನು ತಿಂದು, ಉಬ್ಬಿ, ಅಂಚಿನಲ್ಲಿ ಹರಿಯುತ್ತದೆ. ಮೊನಾರ್ಕಿನಲ್ಲಿ ಇದಕ್ಕೇ ಒಂದು ನಾಬ್ ಇದೆ. ಅದನ್ನು ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಹತ್ತು ಗಂಟೆಯಿಂದ ಎರಡು ಗಂಟೆಯವರೆಗೆ ತಿರುಗಿಸುವಾಗ ಕೆಳ ಷಡ್ಜ ಮೊದಲು ಬೆಚ್ಚಗಾಗಿ, ಆಮೇಲೆ ಗಂಟಲು ಕಟ್ಟಿದಂತಾಗಿ, ಕೊನೆಗೆ ಗೊರಕೆ ಹೊಡೆಯುತ್ತದೆ. ಈ ಮೂರು ಹಂತವೂ ಬೇರೆ ಬೇರೆಯಾಗಿ ಕೇಳಬೇಕು. ಸುಮ್ಮನೆ ಡಿಸ್ಟಾರ್ಷನ್ ಪೆಡಲ್ ಒತ್ತಿದ ಹಾಗಿದ್ದರೆ ಪ್ರಯೋಜನವಿಲ್ಲ.

ಇನ್ನೊಂದು ವಿಷಯ ಕರ್ನಾಟಕ ಸಂಗೀತದ ಕೈಯಿರುವವರಿಗೆ ಮುಖ್ಯ. ಅಸಲಿ ಮಿನಿಮೋಗ್ ಎರಡು ಕೀ ಒತ್ತಿದರೆ ಕೆಳಗಿನದನ್ನೇ ನುಡಿಸುತ್ತದೆ. ಸ ಹಿಡಿದುಕೊಂಡೇ ಮೇಲಿನ ರಿ ಮೇಲೆ ಬೆರಳಾಡಿಸಿದರೆ ಏನೂ ಆಗುವುದಿಲ್ಲ; ರಿ ಹಿಡಿದು ಕೆಳಗಿನ ಸ ಮುಟ್ಟಿದರೆ ಮಾತ್ರ ಆಗುತ್ತದೆ. ಈಗಿನ ಕೀಬೋರ್ಡುಗಳಲ್ಲಿ ಕೊನೆಗೆ ಒತ್ತಿದ್ದಕ್ಕೆ ಮಣೆ. ಅದಕ್ಕೆ ಒಗ್ಗಿದವರು ಪ್ಲಗಿನ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಮಿನಿ ವಿ-ಯಲ್ಲಿ ಇದನ್ನು ಬದಲಿಸಿಕೊಳ್ಳಬಹುದು. ಗಮಕ, ಜಾರು ಹೆಚ್ಚು ಬಳಸುವವರಿಗೆ ಹಾಗಾಗಿ ಮಿನಿ ವಿ ಹೆಚ್ಚು ಅನುಕೂಲ.

ಮೊದಲ ಸಲ ಕೊಳ್ಳುವವರಿಗೆ ಜೂನೋ

ಮಿನಿಮೋಗ್ ಕೇಳಿಕೊಂಡು ಬಂದವರಲ್ಲಿ ಅರ್ಧ ಜನರನ್ನು ನಾನು ಜೂನೋ ಕೊಳ್ಳಿ ಎಂದು ಕಳಿಸುತ್ತೇನೆ. ಭಾವಗೀತೆಯ ಹಿನ್ನೆಲೆಯಿರಲಿ, ಕಿರುಚಿತ್ರದ ಸಂಗೀತವಿರಲಿ, ಅವರಿಗೆ ನಿಜವಾಗಿ ಬೇಕಿರುವುದು ಸ್ವರಮೇಳ ಹಿಡಿದರೆ ತಾನೇ ಹರಡಿಕೊಳ್ಳುವ ಒಂದು ಪ್ಯಾಡ್.

ರೋಲ್ಯಾಂಡಿನ ಜೂನೋ-60 ಬಂದದ್ದು 1982ರಲ್ಲಿ, ಜೂನೋ-106 ಬಂದದ್ದು 1984ರಲ್ಲಿ. ಎರಡರಲ್ಲೂ ಒಂದು ಸಲಕ್ಕೆ ಆರು ಸ್ವರ, ಸ್ವರಕ್ಕೊಂದೇ ಆಸಿಲೇಟರ್, ಅದಕ್ಕೆ ಕೆಳಸ್ಥಾಯಿಯನ್ನು ಸೇರಿಸುವ ಒಂದು ಸಬ್-ಆಸಿಲೇಟರ್. ಸದ್ದು ಎಷ್ಟು ಬೇಗ ಏರಿ ಇಳಿಯಬೇಕೆಂದು ಹೇಳುವ ಎನ್ವಲಪ್ ಫಿಲ್ಟರಿಗೂ ವಾಲ್ಯೂಮಿಗೂ ಸೇರಿ ಒಂದೇ. ಕಾಗದದ ಮೇಲೆ ನೋಡಿದರೆ ಬಡವ. ಆ ಬಡತನವನ್ನು ಮುಚ್ಚಲು ಕೊನೆಯಲ್ಲಿ ಸದ್ದನ್ನು ಅಗಲ ಮಾಡುವ ಸ್ಟೀರಿಯೋ ಕೋರಸ್ ಇಟ್ಟರು. ಜೂನೋ ಹೆಸರು ಮಾಡಿದ್ದು ಅದರಿಂದಲೇ. ಸ್ವರದ ಲೆಕ್ಕವನ್ನು ಡಿಜಿಟಲ್ ಗಡಿಯಾರ ನೋಡಿಕೊಳ್ಳುವುದರಿಂದ ಶ್ರುತಿ ಅಲುಗಾಡುವುದಿಲ್ಲ. ಇದೇ ಕಾರಣಕ್ಕೆ ಸಾಫ್ಟ್‌ವೇರಿಗೆ ತರುವುದೂ ಸುಲಭ: ಅಡ್ಡಾದಿಡ್ಡಿಯಾಗಿ ಅಲೆಯುವ ಭಾಗ ಕಡಿಮೆ. ಫಿಲ್ಟರೂ ಕೋರಸ್ಸೂ ಸರಿಬಂದರೆ ಮುಕ್ಕಾಲು ಕೆಲಸ ಮುಗಿಯಿತು.

60ಕ್ಕೂ 106ಕ್ಕೂ ಇರುವ ವ್ಯತ್ಯಾಸದ ಬಗ್ಗೆ ಜನ ಜಗಳವಾಡುತ್ತಾರೆ. ಕೊಳ್ಳುವವರಿಗೆ ಬೇಕಾದಷ್ಟು ಮಾತ್ರ ಹೇಳುತ್ತೇನೆ: 60ರಲ್ಲಿ ಆರ್ಪೆಜಿಯೇಟರ್ (ಹಿಡಿದ ಸ್ವರಗಳನ್ನು ತಾನೇ ಒಂದೊಂದಾಗಿ ನುಡಿಸುವುದು) ಇದೆ, ಮಿಡಿ ಇಲ್ಲ, 106ರಲ್ಲಿ ಮಿಡಿ ಇದೆ, ಆರ್ಪೆಜಿಯೇಟರ್ ಇಲ್ಲ. ಪ್ಲಗಿನ್ ಆದಮೇಲೆ ಮಿಡಿ ಇದ್ದೇ ಇರುತ್ತದೆ, ಹಾಗಾಗಿ ನನ್ನ ಮತ 60ಕ್ಕೆ. ಅಸಲಿ 106 ಕೊಳ್ಳುವ ಆಸೆಯಿದ್ದವರಿಗೆ ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ: ಅದರ ವಾಯ್ಸ್ ಚಿಪ್‌ಗಳು ಕಾಲಕ್ರಮೇಣ ಒಂದೊಂದಾಗಿ ಸಾಯುವುದು ಎಲ್ಲರಿಗೂ ಗೊತ್ತಿರುವ ರೋಗ.

ಸ್ವಿಟ್ಜರ್ಲೆಂಡಿನ ಟಾಲ್ ಎಂಬ ಪುಟ್ಟ ಕಂಪನಿಯ ಟಾಲ್-ಯು-ನೋ-ಎಲ್‌ಎಕ್ಸ್ ಜೂನೋ-60ರ ರೂಪ. ಬೆಲೆ ಅರವತ್ತು ಡಾಲರ್ ಆಸುಪಾಸು. ಹಳೆಯ ಲ್ಯಾಪ್‌ಟಾಪಿನಲ್ಲೂ ಹತ್ತು ಟ್ರ್ಯಾಕಿಗೆ ಹಾಕಬಹುದು. ಪರದೆಯಲ್ಲಿ ಇರುವುದೆಲ್ಲ ಒಂದೇ ಪುಟದಲ್ಲಿದೆ: ಎಡದಿಂದ ಬಲಕ್ಕೆ ಸಿಗ್ನಲ್ ಹರಿದುಹೋಗುವ ದಾರಿಯಲ್ಲೇ ಸ್ಲೈಡರುಗಳು. ಸಿಂಥ್ ಕಲಿಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಮಗ್ಗಿ ಪುಸ್ತಕ ಇಲ್ಲ. ಸಾ-ಟೂತ್ ಎತ್ತಿ, ಸಬ್ ಸ್ವಲ್ಪ ಸೇರಿಸಿ, ಕಟಾಫ್ ಮೂರನೇ ಒಂದಕ್ಕೆ ಇಳಿಸಿ, ಅಟ್ಯಾಕ್ (ಸದ್ದು ಏರುವ ವೇಗ) ಚೂರು ನಿಧಾನ ಮಾಡಿ, ಕೋರಸ್ಸಿನ ಒಂದನೇ ಗುಂಡಿ ಒತ್ತಿ. ನಾಲ್ಕು ಸ್ವರ ಹಿಡಿದರೆ ಎಂಬತ್ತರ ದಶಕ ಬಂದು ಎದುರಿಗೆ ಕೂರುತ್ತದೆ.

ಆರ್ಟೂರಿಯಾದ ಜುನ್-6 ವಿ, ಚೆರಿ ಆಡಿಯೋದ ಡಿಸಿಒ-106, ಸಾಫ್ಟ್‌ಟ್ಯೂಬಿನ ಮಾಡೆಲ್ 84 ಇವೂ ಇವೆ. ಡಿಸಿಒ-106 ಅಗ್ಗ, ಸದ್ದೂ ಚೆನ್ನ; 106ರ ಬಣ್ಣವೇ ಬೇಕು ಅನ್ನುವವರು ಅದಕ್ಕೆ ಹೋಗಬಹುದು. ರೋಲ್ಯಾಂಡ್ ತಾನೇ ಮಾಡಿದ ರೂಪಗಳು ರೋಲ್ಯಾಂಡ್ ಕ್ಲೌಡ್ ಎಂಬ ಸೇವೆಯಲ್ಲಿ ಸಿಗುತ್ತವೆ. ಚಂದಾ ಕಟ್ಟಬಹುದು, ಇಲ್ಲವೇ ಒಂದೊಂದನ್ನೇ ಶಾಶ್ವತವಾಗಿ ಕೊಳ್ಳಬಹುದು. ಚಂದಾದ ಬಗ್ಗೆ ನನ್ನ ತಕರಾರು ಮುಂದೆ ಬರುತ್ತದೆ.

ಪ್ರಾಫೆಟ್ ಮತ್ತು ಓಬರ್‌ಹೈಮ್

1978ರ ಪ್ರಾಫೆಟ್-5 ಡೇವ್ ಸ್ಮಿತ್ ಅವರ ಕೈಕೂಸು. ಐದು ಸ್ವರ, ಎಲ್ಲ ನಾಬ್‌ಗಳ ಸ್ಥಾನವನ್ನೂ ನೆನಪಿಟ್ಟುಕೊಳ್ಳುವ ಮೆಮೊರಿ. ಅದಕ್ಕೂ ಮೊದಲು ಬಹುಸ್ವರದ ಸಿಂಥ್‌ನಲ್ಲಿ ಒಳ್ಳೆಯ ಸದ್ದು ಸಿಕ್ಕಿದರೆ ಕಾಗದದಲ್ಲಿ ನಾಬ್‌ಗಳ ಚಿತ್ರ ಬರೆದಿಟ್ಟುಕೊಳ್ಳಬೇಕಿತ್ತು. ಇದರ ವಿಶೇಷ 'ಪಾಲಿ-ಮಾಡ್': ಒಂದು ಆಸಿಲೇಟರು ಇನ್ನೊಂದರ ಶ್ರುತಿಯನ್ನೇ ಅಲುಗಾಡಿಸಬಹುದು. ಗಂಟೆ, ತಾಳ, ಜಾಗಟೆಯಂಥ ಲೋಹದ ಸದ್ದು ಬೇಕಾದವರಿಗೆ ಇದು ಗಣಿ.

ಇಲ್ಲಿ ಬರ್ಲಿನ್ನಿನ ಯು-ಹಿ ಕಂಪನಿಯ ರೆಪ್ರೋ-5ಕ್ಕೆ ನಾನು ಸ್ಪರ್ಧಿಯನ್ನೇ ಹುಡುಕುವುದಿಲ್ಲ. ಸರ್ಕ್ಯೂಟಿನ ಬಿಡಿಭಾಗಗಳ ಮಟ್ಟದಲ್ಲಿ ಲೆಕ್ಕ ಮಾಡುವ ಪ್ಲಗಿನ್ ಅದು. ಪಾಲಿ-ಮಾಡ್ ಏರಿಸುತ್ತಾ ಹೋದರೆ ಲೋಹದ ಸದ್ದು ಒಡೆಯುವುದಿಲ್ಲ, ಏಲಿಯಾಸಿಂಗ್ ಮರಳು ಉದುರುವುದಿಲ್ಲ. ಅದೇ ಪೆಟ್ಟಿಗೆಯಲ್ಲಿ ಪ್ರೋ-ಒನ್ ಎಂಬ ಒಂಟಿಸ್ವರದ ತಮ್ಮನ ರೂಪ ರೆಪ್ರೋ-1 ಕೂಡ ಬರುತ್ತದೆ. ಇದರ ಬೆಲೆಯನ್ನು ನಿಮ್ಮ ಪ್ರೊಸೆಸರೇ ತೆರಬೇಕು: ಲ್ಯಾಪ್‌ಟಾಪ್ ಹಳತಾದರೆ ಎರಡು ಟ್ರ್ಯಾಕಿಗೇ ಫ್ಯಾನು ಕೂಗತೊಡಗುತ್ತದೆ. ಹಾಗಿದ್ದವರಿಗೆ ಆರ್ಟೂರಿಯಾದ ಪ್ರಾಫೆಟ್-5 ವಿ ಸಾಕು.

ಓಬರ್‌ಹೈಮ್ ಕಂಪನಿಯ ಸಿಂಥ್‌ಗಳ ಬಗ್ಗೆ ಕಡಿಮೆ ಹೇಳುತ್ತೇನೆ, ಏಕೆಂದರೆ ಉತ್ತರ ಪುಕ್ಕಟೆ ಸಿಗುತ್ತದೆ. ಒಬಿ-ಎಕ್ಸ್‌ಡಿ ಎಂಬ ಉಚಿತ ಪ್ಲಗಿನ್ ಹಾಕಿಕೊಳ್ಳಿ. ಅದರಲ್ಲಿ ಪ್ರತಿ ಸ್ವರದ ಶ್ರುತಿ, ಫಿಲ್ಟರ್, ಎನ್ವಲಪ್ ಸ್ವಲ್ಪ ಸ್ವಲ್ಪ ಬೇರೆಯಾಗುವಂತೆ ಮಾಡುವ ನಾಬ್‌ಗಳಿವೆ. ಹಿತ್ತಾಳೆ ವಾದ್ಯದಂಥ ದಪ್ಪ ಮೇಳಕ್ಕೆ ಅಷ್ಟು ಸಾಕು. ಆರು ತಿಂಗಳಾದಮೇಲೂ ಸಾಲದು ಅನ್ನಿಸಿದರೆ ಜೀ-ಫೋರ್ಸ್ ಅಥವಾ ಆರ್ಟೂರಿಯಾದ ಬಾಗಿಲು ತಟ್ಟಿ.

ಸಿಎಸ್-80 ಮತ್ತು ಒತ್ತಡದ ಪ್ರಶ್ನೆ

ಯಮಾಹಾ ಸಿಎಸ್-80, ಸುಮಾರು ನೂರು ಕಿಲೋ ತೂಕದ ರಾಕ್ಷಸ, ವ್ಯಾಂಜೆಲಿಸ್ ಅವರ ಚಿತ್ರಸಂಗೀತದಿಂದ ಪ್ರಸಿದ್ಧ. ಇದರ ಪ್ರಾಣ ಇರುವುದು ಕೀಬೋರ್ಡಿನಲ್ಲಿ: ಸ್ವರ ಹಿಡಿದಮೇಲೆ ಪ್ರತಿ ಬೆರಳು ಎಷ್ಟು ಒತ್ತುತ್ತಿದೆ ಎನ್ನುವುದನ್ನು ಬೇರೆ ಬೇರೆಯಾಗಿ ಓದುತ್ತದೆ. ಮೇಳದಲ್ಲಿ ಒಂದೇ ಬೆರಳು ಅದುಮಿದರೆ ಆ ಸ್ವರ ಮಾತ್ರ ಅರಳುತ್ತದೆ.

ಆರ್ಟೂರಿಯಾದ ಸಿಎಸ್-80 ವಿ ಚೆನ್ನಾಗಿದೆ. 2022ರಲ್ಲಿ ಬಂದ ಚೆರಿ ಆಡಿಯೋದ ಜಿಎಕ್ಸ್-80 ಇನ್ನೂ ಚೆನ್ನಾಗಿದೆ, ಅದರ ಬೆಲೆಗೆ ಅಷ್ಟು ದೊಡ್ಡ ವಾದ್ಯ ಬೇರೆಲ್ಲೂ ಇಲ್ಲ. ಆದರೆ ನಿಮ್ಮ ಮಿಡಿ ಕೀಬೋರ್ಡು ಪ್ರತಿ ಕೀಯ ಒತ್ತಡವನ್ನು ಪ್ರತ್ಯೇಕವಾಗಿ ಕಳಿಸದಿದ್ದರೆ ಎರಡೂ ಅರ್ಧ ವಾದ್ಯ ಮಾತ್ರ. ಸಾಧಾರಣ ಕೀಬೋರ್ಡುಗಳು ಕಳಿಸುವುದು ಎಲ್ಲಾ ಕೀಗೂ ಸೇರಿದ ಒಂದೇ ಒತ್ತಡ. ಅಗ್ಗದವು ಅದನ್ನೂ ಕಳಿಸುವುದಿಲ್ಲ. ಮೊದಲು ಕೀಬೋರ್ಡಿನ ವಿವರಪಟ್ಟಿ ನೋಡಿ, ಆಮೇಲೆ ಪ್ಲಗಿನ್ ವಿಷಯ.

ಇನ್ನು 303. 1981ರಲ್ಲಿ ಗಿಟಾರಿಸ್ಟರಿಗೆ ಬೇಸ್ ಜೊತೆಗಾರನಾಗಿ ರೋಲ್ಯಾಂಡ್ ತಂದ ಟಿಬಿ-303 ಅಂಗಡಿಯಲ್ಲಿ ಸೋತಿತು. ಆಮೇಲೆ ಅಗ್ಗಕ್ಕೆ ಸಿಕ್ಕ ಅದನ್ನು ಶಿಕಾಗೋದ ಹುಡುಗರು ಎತ್ತಿಕೊಂಡು ಆ್ಯಸಿಡ್ ಹೌಸ್ ಎಂಬ ನೃತ್ಯಸಂಗೀತ ಮಾಡಿದರು ಎನ್ನುವುದು ಎಲ್ಲರೂ ಹೇಳುವ ಕತೆ. ಅದಕ್ಕೂ ಮೊದಲೇ, 1982ರಲ್ಲಿ, ಬೊಂಬಾಯಿಯ ಸಿನಿಮಾ ಸಂಗೀತದ ವಾದಕ ಚರಣ್‌ಜಿತ್ ಸಿಂಗ್ 303, ರೋಲ್ಯಾಂಡಿನದೇ ಆದ 808 ಡ್ರಮ್ ಮೆಷಿನ್ ಮತ್ತು ಜುಪಿಟರ್-8 ಸಿಂಥ್ ಇಟ್ಟುಕೊಂಡು ಡಿಸ್ಕೋ ತಾಳಕ್ಕೆ ಹತ್ತು ರಾಗ ನುಡಿಸಿ ರೆಕಾರ್ಡ್ ತಂದಿದ್ದರು. ಆಗ ಯಾರೂ ಕೇಳಲಿಲ್ಲ. ಮರುಮುದ್ರಣವಾದಮೇಲೆ ಲೋಕವೇ ಬೆರಗಾಯಿತು. 303ರ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗುಣ ರಾಗಕ್ಕೆ ಹೇಗೆ ಒಗ್ಗಿತು ಎಂದು ಅದನ್ನು ಕೇಳಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಪ್ಲಗಿನ್ ಬೇಕಿದ್ದರೆ ಆಡಿಯೋರಿಯಲಿಸಂನ ಎಬಿಎಲ್3. ಬೇರೆ ಹುಡುಕುವ ಶ್ರಮ ಬೇಡ.

ಒಂದೇ ದೊಡ್ಡದೋ, ದೊಡ್ಡ ಕಟ್ಟೋ?

ನಿಜವಾದ ಗೊಂದಲ ಇಲ್ಲಿದೆ. ಒಂದು ಕಡೆ ಯು-ಹಿಯ ಡೀವಾ. ಇದು ಯಾವ ಒಂದು ವಾದ್ಯದ ಪಡಿಯಚ್ಚೂ ಅಲ್ಲ. ಮೋಗ್ ಬಗೆಯ ಆಸಿಲೇಟರಿಗೆ ರೋಲ್ಯಾಂಡ್ ಬಗೆಯ ಫಿಲ್ಟರ್, ಅದಕ್ಕೆ ಇನ್ನೊಂದರ ಎನ್ವಲಪ್, ಹೀಗೆ ಕೂಡಿಸಿಕೊಳ್ಳಬಹುದು. ಇನ್ನೊಂದು ಕಡೆ ಆರ್ಟೂರಿಯಾದ ವಿ ಕಲೆಕ್ಷನ್: ಮಿನಿಮೋಗ್, ಜೂನೋ, ಜುಪಿಟರ್, ಪ್ರಾಫೆಟ್, ಎಆರ್‌ಪಿ 2600, ಸಿಎಸ್-80, ಜೊತೆಗೆ ಆರ್ಗನ್, ಪಿಯಾನೋ, ಎಲ್ಲ ಒಂದೇ ಗಂಟಿನಲ್ಲಿ.

ಡೀವಾ ಬೆಲೆ 180 ಡಾಲರ್ ಸುತ್ತಮುತ್ತ, ನಮ್ಮ ದುಡ್ಡಿನಲ್ಲಿ ಹದಿನೈದು ಸಾವಿರ ದಾಟುತ್ತದೆ. ವಿ ಕಲೆಕ್ಷನ್ ಅದರ ಮೂರುಪಟ್ಟಿಗೂ ಮೇಲೆ. ಒಂದೊಂದು ವಾದ್ಯದ ಲೆಕ್ಕ ಹಾಕಿದರೆ ಗಂಟೇ ಅಗ್ಗ. ಆದರೆ ಗಂಟು ಕೊಂಡವರ ಮನೆಯಲ್ಲಿ ಆಗುವುದನ್ನು ನೋಡಿದ್ದೇನೆ: ಸಂಜೆಯಿಡೀ ಪ್ರೀಸೆಟ್ ತಿರುವುತ್ತಾರೆ, ಹಾಡು ಮುಂದಕ್ಕೆ ಹೋಗುವುದಿಲ್ಲ. ಬೇರೆ ಬೇರೆ ಗಿರಾಕಿಗಳಿಗೆ ಜಾಹೀರಾತು, ಸೀರಿಯಲ್ಲು, ಡಾಕ್ಯುಮೆಂಟರಿ ಎಂದು ಸಂಗೀತ ಮಾಡಿಕೊಡುವವರು, ನಾಳೆ ಏನು ಕೇಳುತ್ತಾರೋ ಗೊತ್ತಿಲ್ಲದವರು ಗಂಟು ತೆಗೆದುಕೊಳ್ಳಲಿ. ತಮ್ಮದೇ ಸದ್ದು ಹುಡುಕುವವರು ಡೀವಾ ತೆಗೆದುಕೊಳ್ಳಲಿ.

ಸದ್ದಿನಲ್ಲಿ ನನ್ನ ಕಿವಿಗೆ ಡೀವಾ ಒಂದು ಮೆಟ್ಟಿಲು ಮೇಲೆ, ಅದರಲ್ಲೂ ರೆಸೊನೆನ್ಸ್ ಹೆಚ್ಚಿಟ್ಟು ಕಟಾಫ್ ಓಡಿಸುವಾಗ. ಅದರ ಹೊಟ್ಟೆಯೂ ದೊಡ್ಡದು. ಲೆಕ್ಕದ ನಿಖರತೆಗೆ ಅದರಲ್ಲಿ ನಾಲ್ಕು ಹಂತಗಳಿವೆ: ಡ್ರಾಫ್ಟ್, ಫಾಸ್ಟ್, ಗ್ರೇಟ್, ಡಿವೈನ್. ನುಡಿಸುವಾಗ ಫಾಸ್ಟ್‌ನಲ್ಲಿಡಿ, ರೆಂಡರ್ ಮಾಡುವಾಗ (ಹಾಡನ್ನು ಫೈಲಾಗಿ ಉಳಿಸುವಾಗ) ಮಾತ್ರ ತಾನಾಗಿ ಮೇಲಿನ ಹಂತಕ್ಕೆ ಹೋಗುವ ಸೆಟ್ಟಿಂಗ್ ಇದೆ, ಅದನ್ನು ಆನ್ ಮಾಡಿ. ಮಲ್ಟಿಕೋರ್ ಗುಂಡಿ ಒತ್ತಲು ಮರೆಯಬೇಡಿ. ಇದರಾಚೆಗೂ ತಡವರಿಸಿದರೆ ಟ್ರ್ಯಾಕ್ ಫ್ರೀಜ್ ಮಾಡಿ, ಅಂದರೆ ಆ ಸದ್ದನ್ನು ರೆಕಾರ್ಡ್ ಮಾಡಿಟ್ಟುಬಿಡಿ. ಬಫರ್ (ಕಂಪ್ಯೂಟರು ಒಂದು ಸಲಕ್ಕೆ ಲೆಕ್ಕ ಮಾಡುವ ಕಂತು) 256 ಸ್ಯಾಂಪಲ್, ವೇಗ 48 ಕಿಲೋಹರ್ಟ್ಸ್ ಇದ್ದರೆ ತಡ ಐದು ಮಿಲಿಸೆಕೆಂಡಿನಷ್ಟು, ನುಡಿಸಲು ಅಡ್ಡಿಯಿಲ್ಲ. 1024ಕ್ಕೆ ಏರಿಸಿದರೆ ಇಪ್ಪತ್ತೊಂದು ದಾಟುತ್ತದೆ. ಮೃದಂಗದವರ ಜೊತೆ ಕೂತವರಿಗೆ ಅಲ್ಲೇ ಮುಖಭಂಗ.

ಶ್ರುತಿ ಮತ್ತು ಗಮಕ

ಹೊರಗಿನ ವಿಮರ್ಶೆಗಳಲ್ಲಿ ಇದರ ಚರ್ಚೆ ಸಿಗುವುದಿಲ್ಲ, ನಮಗೆ ಬೇಕು. ಪ್ಲಗಿನ್ನಿನ ಪಿಚ್ ಬೆಂಡ್ ವ್ಯಾಪ್ತಿಯನ್ನು ಎರಡು ಸೆಮಿಟೋನಿಗೆ ಇಡಿ. ತೋಡಿಯ ಗಾಂಧಾರದ ಕೀ ಒತ್ತಿ ವೀಲ್ ಆಡಿಸಿದರೆ ಕೆಳಗೆ ಶುದ್ಧ ರಿಷಭಕ್ಕೂ ಮೇಲೆ ಶುದ್ಧ ಮಧ್ಯಮಕ್ಕೂ ಸರಿಯಾಗಿ ಮುಟ್ಟುತ್ತದೆ, ಕಂಪಿತಕ್ಕೆ ಅಷ್ಟೇ ಬೇಕಾದದ್ದು. ಅಸಲಿ ಮಿನಿಮೋಗಿನ ವೀಲಿಗೆ ಸ್ಪ್ರಿಂಗ್ ಇರಲಿಲ್ಲ, ಬಿಟ್ಟಲ್ಲೇ ನಿಲ್ಲುತ್ತಿತ್ತು. ಮಹಾವಿಷ್ಣು ಆರ್ಕೆಸ್ಟ್ರಾದ ಯಾನ್ ಹ್ಯಾಮರ್ ಗಿಟಾರಿನಂತೆ ಅದನ್ನು ಬಾಗಿಸಿ ನುಡಿಸಿದ್ದು ಅಂಥ ವೀಲಿನಲ್ಲೇ. ಈಗಿನ ಕೀಬೋರ್ಡುಗಳಲ್ಲಿ ವೀಲ್ ಠಕ್ಕೆಂದು ನಡುವಿಗೆ ಹಾರುತ್ತದೆ, ಗಮಕದ ಕೊನೆ ಕತ್ತರಿಸಿದಂತಾಗುತ್ತದೆ. ಬೆರಳನ್ನು ವೀಲಿನಿಂದ ಎತ್ತದೆಯೇ ಇಳಿಸುವುದು ರೂಢಿಸಿಕೊಳ್ಳಬೇಕು. ಇದಕ್ಕೆ ಯಾವ ಪ್ಲಗಿನ್ನಿನಲ್ಲೂ ಮದ್ದಿಲ್ಲ.

ತಂಬೂರಿ ಅಥವಾ ಶ್ರುತಿ ಪೆಟ್ಟಿಗೆಯ ಕೆಳಗೆ ಸಿಂಥ್ ನಾದ ಹಿಡಿಯುವವರು, ಶ್ರುತಿಯನ್ನು ಬೇಕೆಂದೇ ಅಲುಗಾಡಿಸುವ 'ಡ್ರಿಫ್ಟ್', 'ವೇರಿಯೆನ್ಸ್' ಎಂಬ ನಾಬ್‌ಗಳನ್ನು ಸೊನ್ನೆಗೆ ತನ್ನಿ. ತಂಬೂರಿ 440ರಲ್ಲಿದ್ದು ಸಿಂಥ್ 441ಕ್ಕೆ ಜಾರಿದರೆ ಸೆಕೆಂಡಿಗೊಂದು ಸಲ ನಾದ ಉಬ್ಬಿ ಇಳಿಯುತ್ತದೆ. ಗಾಯಕರು ಸಿಂಥ್ ಅನ್ನು ಬಯ್ಯುವುದಿಲ್ಲ, ತಂಬೂರಿಯ ತಂತಿ ಬಿಗಿಯಲು ಏಳುತ್ತಾರೆ. ಈ ಕೆಲಸಕ್ಕೂ ಜೂನೋ ರೂಪಗಳೇ ನೆಮ್ಮದಿ. ಸಮಪಾಲು ಶ್ರುತಿಯ ಹೊರಗೆ ಸ್ವರಸ್ಥಾನ ಇಡಬೇಕೆನ್ನುವವರು ಯು-ಹಿ, ಟಾಲ್, ಸರ್ಜ್ ಈ ಮೂರನ್ನು ನೋಡಿ. ಮೂರರಲ್ಲೂ ನಿಮ್ಮದೇ ಟ್ಯೂನಿಂಗ್ ಫೈಲ್ ಹಾಕಬಹುದು. ಸರ್ಜ್ ಎಕ್ಸ್‌ಟಿ ಪೂರ್ತಿ ಉಚಿತ, ಓಪನ್ ಸೋರ್ಸ್. ಯಾವ ಹಳೆಯ ವಾದ್ಯದ ನಕಲೂ ಅಲ್ಲದಿದ್ದರೂ ಒಳಗಿನ ಫಿಲ್ಟರುಗಳಲ್ಲಿ ಹಳಬರ ಗುಣ ಇದೆ. ಲಿನಕ್ಸಿನವರಿಗೂ ಇವೇ ಹೆಸರುಗಳು.

ದುಡ್ಡು ಕೊಡುವ ಮುಂಚೆ

ಲೈಸೆನ್ಸ್ ಹೇಗೆ ಕೊಡುತ್ತಾರೆ ಎನ್ನುವುದನ್ನು ಸದ್ದಿನಷ್ಟೇ ಗಂಭೀರವಾಗಿ ನೋಡಿ. ಚಂದಾ ಕಟ್ಟಿ ಬಳಸುತ್ತಿದ್ದ ಒಂದು ಸಿಂಥ್ (ಯಾರದೆಂದು ಬೇಡ) ಹಳ್ಳಿಯೊಂದರ ಉತ್ಸವದ ವೇದಿಕೆಯಲ್ಲಿ, ಮೊಬೈಲಿಗೆ ಒಂದು ಗೆರೆ ನೆಟ್‌ವರ್ಕ್ ಕೂಡ ಇಲ್ಲದ ಕಡೆ, ಲಾಗಿನ್ ಆಗು ಎಂದು ಪರದೆ ತೋರಿಸಿ ಕೂತುಬಿಟ್ಟಿತು. ಎದುರಿಗೆ ಜನ, ಪಕ್ಕದಲ್ಲಿ ಗಾಯಕಿ ಶ್ರುತಿಗೆ ಕಾಯುತ್ತಿದ್ದಾರೆ. ಲ್ಯಾಪ್‌ಟಾಪಿನಲ್ಲಿ ಟಾಲ್ ಇದ್ದದ್ದರಿಂದ ಮಾನ ಉಳಿಯಿತು. ಅಂದಿನಿಂದ ವೇದಿಕೆಗೆ ಒಯ್ಯುವ ಮೆಷಿನ್ನಿನಲ್ಲಿ ಸೀರಿಯಲ್ ನಂಬರು ಅಥವಾ ಫೈಲಿನಿಂದ ಒಮ್ಮೆ ತೆರೆದು ಆಮೇಲೆ ನೆಟ್ ಕೇಳದ ಪ್ಲಗಿನ್‌ಗಳು ಮಾತ್ರ. ಯು-ಹಿ, ಟಾಲ್ ಎರಡೂ ಆ ಬಗೆಯವು.

ಡೆಮೊಗಳಿಗೂ ಒಂದೊಂದು ಚಾಳಿ. ಆರ್ಟೂರಿಯಾದ್ದು ಇಪ್ಪತ್ತು ನಿಮಿಷಕ್ಕೆ ಬಾಯಿ ಮುಚ್ಚುತ್ತದೆ, ಚೆರಿ ಆಡಿಯೋದ್ದು ಮೂವತ್ತು ದಿನ ಇದ್ದರೂ ನಡುನಡುವೆ ಶ್ ಎಂದು ಸದ್ದು ಮಾಡುತ್ತದೆ, ಯು-ಹಿಯದು ಆಗಾಗ ಚಟಪಟ ಅನ್ನುತ್ತದೆ. ಅದನ್ನು ಕೇಳಿ ಪ್ಲಗಿನ್ ಕೆಟ್ಟದ್ದು ಎಂದು ತೀರ್ಮಾನಿಸಿದವರೂ ಇದ್ದಾರೆ.

ಹೊರದೇಶದ ತಾಣದಲ್ಲಿ ಕೊಳ್ಳುವಾಗ ತೋರಿಸುವ ಬೆಲೆಯ ಮೇಲೆ ಶೇ. 18 ಜಿಎಸ್‌ಟಿ ಕೊನೆಯ ಪುಟದಲ್ಲಿ ಸೇರಬಹುದು, ಬ್ಯಾಂಕಿನವರು ವಿನಿಮಯದ ಶುಲ್ಕ ಬೇರೆ ಹಿಡಿಯುತ್ತಾರೆ. ಕಾರ್ಡಿನಲ್ಲಿ ಅಂತಾರಾಷ್ಟ್ರೀಯ ವಹಿವಾಟು ಆನ್ ಇದೆಯೇ ನೋಡಿಕೊಳ್ಳಿ. ಅಕ್ಟೋಬರಿನಲ್ಲಿ ಏನನ್ನೂ ಕೊಳ್ಳಬೇಡಿ. ನವೆಂಬರ್ ಕೊನೆಯ ವಾರ ಹೆಚ್ಚಿನ ಕಂಪನಿಗಳು ಬೆಲೆ ಇಳಿಸುತ್ತವೆ. ಕಾಯುವ ತಿಂಗಳಲ್ಲಿ ಒಬಿ-ಎಕ್ಸ್‌ಡಿ, ಸರ್ಜ್, ಚೆರಿ ಆಡಿಯೋ ಉಚಿತವಾಗಿ ಕೊಡುವ ಸರ್ರಿಯಲಿಸ್ಟಿಕ್ ಎಂಜಿ-1 ಪ್ಲಸ್ ಹಾಕಿಕೊಂಡಿರಿ. ಕೊನೆಯದು ಮೋಗ್ ಕಂಪನಿ ರೇಡಿಯೋ ಶ್ಯಾಕ್ ಅಂಗಡಿಗಳಿಗಾಗಿ ಮಾಡಿಕೊಟ್ಟಿದ್ದ ಅಗ್ಗದ ಸಿಂಥ್‌ನ ರೂಪ, ಬೇಸ್ ಮಾತ್ರ ಭರ್ತಿ.

ನನ್ನ ಮೆಷಿನ್ನಿನಲ್ಲಿ ಈಗ ಬಳಕೆಯಲ್ಲಿ ಉಳಿದಿರುವುದು ನಾಲ್ಕು: ಟಾಲ್-ಯು-ನೋ-ಎಲ್‌ಎಕ್ಸ್, ಮೊನಾರ್ಕ್, ರೆಪ್ರೋ, ಡೀವಾ. ಜಿಎಕ್ಸ್-80 ಕೊಂಡು ಒಂದು ವರ್ಷವಾಯಿತು. ಒತ್ತಡ ಓದುವ ಕೀಬೋರ್ಡ್ ಇನ್ನೂ ಬಂದಿಲ್ಲ, ಅದು ಹಾಗೇ ಕೂತಿದೆ.